ಮಗನಿಗೆ ನೃಪತುಂಗ ಅಂತ ಹೆಸರಿಡಬೇಕಾ? ಮೊದಲು ಮನೆಯವರ ಬಾಯಲ್ಲಿ ಕೂರಿಸಿ

ನಮ್ಮ ಮಗನಿಗೆ ಈಗ ನಾಲ್ಕು ವರ್ಷ. ಹೆಸರು ನೃಪತುಂಗ. ಈ ಹೆಸರು ಇಡುತ್ತೇವೆ ಅಂದಾಗ ನಮ್ಮ ಅತ್ತೆ ಕೇಳಿದ ಮೊದಲ ಮಾತು, "ಗುಡ್ಡದ ಹೆಸರು ಕೂಸಿಗೆ ಯಾಕವಾ?" ನಾವು ಹುಬ್ಬಳ್ಳಿಯವರು. ಉಣಕಲ್ ಕಡೆ ನೃಪತುಂಗ ಬೆಟ್ಟ ಇದೆ, ಬೆಳಿಗ್ಗೆ ಸಂಜೆ ಜನ ಅಲ್ಲಿಗೆ ವಾಕಿಂಗ್ ಹೋಗುತ್ತಾರೆ, ಹಾಗಾಗಿ ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಬೆಂಗಳೂರಿನ ನೆಂಟರಿಗೆ ಹೇಳಿದಾಗ ಅವರಿಗೆ ರಿಸರ್ವ್ ಬ್ಯಾಂಕ್ ಇರುವ ರಸ್ತೆ ನೆನಪಾಯಿತು.

ಆವತ್ತಿನಿಂದ ಇವತ್ತಿನವರೆಗೆ ಹೊಸದಾಗಿ ತಂದೆ ತಾಯಿ ಆಗುವವರು ಸುಮಾರು ಜನ ನನ್ನನ್ನು ಕೇಳಿದ್ದಾರೆ. ಈ ಹೆಸರು ಬೇರೆ ಯಾರಿಗಾದರೂ ಇದೆಯಾ? ಜನ ಸರಿಯಾಗಿ ಕರೀತಾರಾ? ಇಂಗ್ಲಿಷ್‌ನಲ್ಲಿ ಹೇಗೆ ಬರೆದ್ರಿ? ಪ್ರತಿ ಸಲ ಫೋನಿನಲ್ಲಿ ಹೇಳುವುದಕ್ಕಿಂತ ಒಂದು ಸಲ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು. ನಿಮ್ಮ ಮನಸ್ಸಿನಲ್ಲಿ ಇರುವುದು ಹೃಷಿಕೇಶ, ಪೃಥು, ಋತುಪರ್ಣದಂಥ ಬೇರೆ ಹೆಸರಾದರೂ ಇದರಲ್ಲಿ ಮುಕ್ಕಾಲು ಪಾಲು ನಿಮಗೂ ಉಪಯೋಗಕ್ಕೆ ಬರುತ್ತದೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಅಪರೂಪದ ಹೆಸರು ಮೊದಲು ಮನೆಯವರ ಬಾಯಲ್ಲಿ ಒಂದೇ ಥರ ಕೂರಬೇಕು. ಕಾಗದಕ್ಕೆ ಆಮೇಲೆ ಹೋಗಬೇಕು. ನಾವು ಉಲ್ಟಾ ಮಾಡಿದೆವು. ಅದನ್ನು ಸರಿಮಾಡಲು ಎರಡು ವರ್ಷ ಓಡಾಡಿದೆವು.

ಇದು ಯಾರ ಹೆಸರು

ಹೆಸರಿಡುವ ಮೊದಲು ಇಷ್ಟು ಗೊತ್ತಿರಲಿ, ಯಾಕೆಂದರೆ ಎಲ್ಲರೂ ಕೇಳುತ್ತಾರೆ. ನೃಪತುಂಗ ಅನ್ನುವುದು ರಾಷ್ಟ್ರಕೂಟ ದೊರೆ ಒಂದನೇ ಅಮೋಘವರ್ಷನ ಬಿರುದು. ಅವನ ಹುಟ್ಟು ಹೆಸರು ಶರ್ವ. ಅಪ್ಪ ಮೂರನೇ ಗೋವಿಂದ. ಕ್ರಿ.ಶ. 814ರಲ್ಲಿ ಪಟ್ಟಕ್ಕೆ ಬಂದಾಗ ಇವನಿನ್ನೂ ಚಿಕ್ಕ ಹುಡುಗ. ಸುಮಾರು 878ರವರೆಗೆ, ಅಂದರೆ ಹತ್ತಿರ ಹತ್ತಿರ 64 ವರ್ಷ ಆಳಿದ. ರಾಜಧಾನಿ ಮಾನ್ಯಖೇಟ, ಈಗಿನ ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ನದಿಯ ದಂಡೆಯಲ್ಲಿ. ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲೇ ಹಳೆಯದಾದ ಕವಿರಾಜಮಾರ್ಗ ಬಂದಿದ್ದು ಅವನ ಆಸ್ಥಾನದಿಂದಲೇ. ಅದನ್ನು ರಾಜನೇ ಬರೆದ ಅಂತ ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ್ದೇವೆ, ಆದರೆ ಬರೆದವನು ಶ್ರೀವಿಜಯ, ರಾಜನ ಒಪ್ಪಿಗೆಯಂತೆ ಬರೆದ ಅನ್ನುವುದು ಇವತ್ತು ಹೆಚ್ಚಿನ ವಿದ್ವಾಂಸರು ಒಪ್ಪುವ ಮಾತು. ಮಗನಿಗೆ ಹೇಳುವಾಗ ಹೀಗೇ ಹೇಳಿ. ದೊಡ್ಡವನಾದ ಮೇಲೆ ಶಾಲೆಯಲ್ಲಿ ಬೇರೆ ಥರ ಕೇಳಿ ಗೊಂದಲ ಆಗಬಾರದು.

ನಾಡಿಗೆ ಆಪತ್ತು ಬಂದಾಗ ಈ ರಾಜ ತನ್ನ ಎಡಗೈ ಬೆರಳನ್ನೇ ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದ ಅಂತ ಸಂಜಾನ್ ತಾಮ್ರಶಾಸನ ಹೇಳುತ್ತದೆ. ನನಗೆ ಈ ಹೆಸರು ಹಿಡಿಸಿದ್ದು ಅದನ್ನು ಓದಿದ ಮೇಲೆ. ಯುದ್ಧ ಗೆದ್ದ ರಾಜರು ಬೇಕಾದಷ್ಟು ಜನ ಇದ್ದಾರೆ, ಇಂಥವರು ಕಡಿಮೆ.

ಅರ್ಥ ಸುಲಭ. ನೃ ಅಂದರೆ ಮನುಷ್ಯರು, ಪ ಅಂದರೆ ಕಾಯುವವನು, ಎರಡೂ ಸೇರಿದರೆ ನೃಪ, ಅಂದರೆ ರಾಜ. ತುಂಗ ಅಂದರೆ ಎತ್ತರ. ಉತ್ತುಂಗ ಅನ್ನುತ್ತೇವಲ್ಲ, ಅದೇ ತುಂಗ. ರಾಜರಲ್ಲಿ ಎತ್ತರದವನು. ಅತ್ತೆಗೆ ನಾನು ಹೇಳಿದ್ದು ಇಷ್ಟೇ: ಗುಡ್ಡದ ಹೆಸರು ಕೂಸಿಗೆ ಇಟ್ಟಿದ್ದಲ್ಲ ಅತ್ತೆ, ರಾಜನ ಹೆಸರನ್ನು ಗುಡ್ಡಕ್ಕೂ ಇಟ್ಟಿದ್ದಾರೆ, ಕೂಸಿಗೂ ಇಡುತ್ತಿದ್ದೇವೆ.

ಇನ್ನೊಂದು ಸಂಗತಿ ಅವರಿಗೆ ತುಂಬಾ ಇಷ್ಟ ಆಯಿತು. ಕಾಂಚಿಯ ಪಲ್ಲವರಲ್ಲೂ ಒಬ್ಬ ನೃಪತುಂಗ ಇದ್ದ, ನೃಪತುಂಗವರ್ಮ. ಅವನ ತಾಯಿ ಶಂಖಾ, ರಾಷ್ಟ್ರಕೂಟರ ಮನೆಮಗಳು. ಅವಳು ಅಮೋಘವರ್ಷನ ಮಗಳೇ ಇರಬೇಕು, ತಾಯಿಯ ತಂದೆಯ ಹೆಸರನ್ನೇ ಮಗನಿಗೆ ಇಟ್ಟಿರಬೇಕು ಅಂತ ಇತಿಹಾಸಕಾರರು ಹೇಳುತ್ತಾರೆ. ಅಜ್ಜನ ಹೆಸರು ಮೊಮ್ಮಗನಿಗೆ. ನಮ್ಮ ಮನೆಗಳಲ್ಲಿ ಇವತ್ತಿಗೂ ಮಾಡುವುದು ಇದನ್ನೇ ಅಲ್ವಾ.

ಎಷ್ಟು ಮಕ್ಕಳಿಗೆ ಈ ಹೆಸರಿದೆ ಅಂತ ತಿಳಿಯುವುದು ಹೇಗೆ

ನಮ್ಮ ದೇಶದಲ್ಲಿ ಈ ವರ್ಷ ಯಾವ ಹೆಸರು ಎಷ್ಟು ಮಕ್ಕಳಿಗೆ ಇಟ್ಟರು ಅಂತ ವರ್ಷ ವರ್ಷ ಸರ್ಕಾರ ಪಟ್ಟಿ ಕೊಡುವ ಪದ್ಧತಿ ಇಲ್ಲ. ಮಕ್ಕಳ ಹೆಸರಿನ ಆ್ಯಪ್‌ಗಳಲ್ಲಿ "ಜನಪ್ರಿಯತೆ" ಅಂತ ನಕ್ಷತ್ರ ಹಾಕಿರುತ್ತಾರೆ. ಅವು ಆ ಆ್ಯಪ್‌ನಲ್ಲಿ ಎಷ್ಟು ಜನ ಒತ್ತಿದರು ಅನ್ನುವ ಲೆಕ್ಕ ಅಷ್ಟೇ ಇರಬಹುದು. ನಂಬಿ ಕೂರಬೇಡಿ.

ಹೊರದೇಶದಲ್ಲಿ ಇರುವವರಿಗೆ ಈ ಕೆಲಸ ಸುಲಭ. ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಆಡಳಿತ 1880ರಿಂದ ಇಲ್ಲಿಯವರೆಗಿನ ಲೆಕ್ಕವನ್ನು ಯಾರು ಬೇಕಾದರೂ ನೋಡುವ ಹಾಗೆ ಇಟ್ಟಿದೆ. ಎರಡು ವಿಷಯ ನೆನಪಿಡಿ. ಒಂದು ವರ್ಷದಲ್ಲಿ ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರು ಆ ಪಟ್ಟಿಗೆ ಬರುವುದೇ ಇಲ್ಲ. ಹಾಗಾಗಿ ಪಟ್ಟಿಯಲ್ಲಿ ಕಾಣದಿದ್ದರೆ ಯಾರೂ ಇಟ್ಟಿಲ್ಲ ಅಂತ ಅರ್ಥವಲ್ಲ. ಎರಡನೆಯದು, ಸ್ಪೆಲಿಂಗ್ ಬೇರೆಯಾದರೆ ಲೆಕ್ಕವೂ ಬೇರೆ. ಒಂದೇ ಹೆಸರನ್ನು ಮೂರು ಥರ ಬರೆದಿದ್ದರೆ ಮೂರನ್ನೂ ಹುಡುಕಿ ಕೂಡಿಸಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಲೆಕ್ಕವನ್ನು ಅಲ್ಲಿನ ಅಂಕಿಅಂಶ ಕಚೇರಿ ಕೊಡುತ್ತದೆ, ಅಲ್ಲಿ ಮೂರು ಮಕ್ಕಳಿದ್ದರೆ ಸಾಕು.

ನಮ್ಮಲ್ಲಿ? ನಾನು ಮಾಡಿದ್ದು ಹೇಳುತ್ತೇನೆ. ಮೊದಲು ಗೂಗಲ್‌ನಲ್ಲಿ ಹುಡುಕಿದೆ. ರಸ್ತೆ ಬಂತು, ಬೆಟ್ಟ ಬಂತು, ಬೆಂಗಳೂರಿನ ನೃಪತುಂಗ ವಿಶ್ವವಿದ್ಯಾಲಯ ಬಂತು, ಕನ್ನಡ ಸಾಹಿತ್ಯ ಪರಿಷತ್ತು ಕೊಡುವ ನೃಪತುಂಗ ಪ್ರಶಸ್ತಿ ಬಂತು, ಹೈದರಾಬಾದಿನ ಕಾಚಿಗುಡದಲ್ಲಿ ಕನ್ನಡಿಗರು ನಡೆಸುವ ಶಾಲೆ ಬಂತು. ಮನುಷ್ಯರೇ ಬರಲಿಲ್ಲ. ಆಮೇಲೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಕನ್ನಡ ಅಕ್ಷರದಲ್ಲೂ ಇಂಗ್ಲಿಷ್‌ನ ಎರಡೂ ಸ್ಪೆಲಿಂಗ್‌ನಲ್ಲೂ ಹುಡುಕಿದೆ. ಅಲ್ಲೊಬ್ಬರು ಇಲ್ಲೊಬ್ಬರು ಸಿಕ್ಕರು, ಹೆಚ್ಚಿನವರು ದೊಡ್ಡವರೇ. ಕೊನೆಗೆ ನಿಜವಾಗಿ ಉಪಯೋಗ ಆಗಿದ್ದು ಜನರನ್ನು ಕೇಳಿದ್ದು. ಅಂಗನವಾಡಿ ಟೀಚರ್, ಒಂದನೇ ಕ್ಲಾಸಿನ ಟೀಚರ್, ಲಸಿಕೆ ಹಾಕುವ ನರ್ಸ್, ಆಶಾ ಕಾರ್ಯಕರ್ತೆ, ಇವರ ಕಣ್ಣ ಮುಂದೆ ವರ್ಷಕ್ಕೆ ನೂರಾರು ಹೆಸರು ಹಾದು ಹೋಗುತ್ತವೆ. ಈಗ ಯಾವ ಹೆಸರು ಜಾಸ್ತಿ ಬರುತ್ತಿದೆ ಅಂತ ಇವರಿಗೆ ಗೊತ್ತಿರುವಷ್ಟು ಯಾವ ಆ್ಯಪ್‌ಗೂ ಗೊತ್ತಿಲ್ಲ. ನಾನು ಕೇಳಿದ ಆರು ಜನರಲ್ಲಿ ಒಬ್ಬರು ಮಾತ್ರ ಈ ಹೆಸರಿನ ಹುಡುಗನನ್ನು ನೋಡಿದ್ದರು.

ಇಲ್ಲಿ ಒಂದು ವಿಷಯ ಗಮನಿಸಿ. ಅದೇ ರಾಜನ ಇನ್ನೊಂದು ಬಿರುದು ಅಮೋಘವರ್ಷ. ಅದರಿಂದ ಬಂದ ಅಮೋಘ ಅನ್ನುವ ಹೆಸರಿನ ಹುಡುಗರು ಎಷ್ಟೊಂದು ಮಂದಿ! ನಮ್ಮ ಬೀದಿಯಲ್ಲೇ ಇಬ್ಬರು ಇದ್ದಾರೆ. ಒಬ್ಬನೇ ರಾಜ, ಎರಡು ಬಿರುದು, ಒಂದು ಮನೆಮನೆಗೆ ಬಂತು, ಇನ್ನೊಂದು ಬೋರ್ಡಿನ ಮೇಲೇ ಉಳಿಯಿತು. ಯಾಕೆ ಅಂತ ನಾನು ತುಂಬಾ ಯೋಚಿಸಿದ್ದೇನೆ. ಅರ್ಥ ಕಾರಣ ಅಲ್ಲ. ಉದ್ದ ಕೂಡ ಅಲ್ಲ, ನಾಲ್ಕೇ ಅಕ್ಷರ. ಮೊದಲ ಅಕ್ಷರ ಕಾರಣ. ಆ ನೃ ನೋಡಿ ಜನ ಹೆದರುತ್ತಾರೆ.

ನೃ ಅನ್ನುವುದು ಹೇಗೆ

ನೃತ್ಯ ಅನ್ನಿ.

ಬಂತಲ್ವಾ? ಹಾಗಾದರೆ ನೃಪತುಂಗ ಅನ್ನಲೂ ನಿಮಗೆ ಬರುತ್ತದೆ. ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಮೊದಲ ಸಲ ಹೆಸರು ಕೇಳಿ ತಡವರಿಸುವ ಯಾರಿಗೇ ಆಗಲಿ ನಾನು ಹೇಳುವುದು "ನೃತ್ಯದ ನೃ" ಅಂತ. ಅಷ್ಟೇ. ಡ್ಯಾನ್ಸ್ ಕ್ಲಾಸಿನ ಬೋರ್ಡ್ ನೋಡದವರು ಯಾರಿದ್ದಾರೆ. ನೃಸಿಂಹ ಅನ್ನುವವರಿಗೆ ನೃಸಿಂಹದ ನೃ. ಕೃಷ್ಣ, ಮೃಗ, ಗೃಹ, ತೃಪ್ತಿ, ಎಲ್ಲದರಲ್ಲೂ ಇರುವುದು ಇದೇ ಸ್ವರ.

ಸ್ವರ ಅಂದೆ, ಅದು ಮುಖ್ಯ. ಋ ವ್ಯಂಜನ ಅಲ್ಲ. ಅ ಆ ಇ ಈ ಜೊತೆ ಕೂರುವ ಅಕ್ಷರ, ಹ್ರಸ್ವ, ಒಂದೇ ಮಾತ್ರೆಯ ಕಾಲ. ನ ಅಕ್ಷರಕ್ಕೆ ವಟ್ರಸುಳಿ ಕೊಟ್ಟರೆ ನೃ. ನಾವು ಕನ್ನಡಿಗರು ಇದನ್ನು ಹೆಚ್ಚುಕಡಿಮೆ "ನ್ರು" ಅಂತ ಅನ್ನುತ್ತೇವೆ. ತೆಲುಗು, ಮರಾಠಿ, ಗುಜರಾತಿ, ಒಡಿಯಾದವರೂ ಹಾಗೇ, ಕೊನೆಯಲ್ಲಿ ಉ ಬರುತ್ತದೆ. ಹಿಂದಿ, ಬಂಗಾಳಿ, ನೇಪಾಳಿಯವರು "ನ್ರಿ" ಅನ್ನುತ್ತಾರೆ, ಅವರಿಗೆ ಕೊನೆಯಲ್ಲಿ ಇ. ಯಾರದ್ದೂ ತಪ್ಪಲ್ಲ. ಹಳೆಯ ಋ ಇವೆರಡೂ ಅಲ್ಲ, ನಾಲಿಗೆ ಮೇಲಕ್ಕೆ ಮಡಚಿ ರ ಶಬ್ದವನ್ನೇ ಸ್ವರದ ಹಾಗೆ ಹಿಡಿಯುವುದು. ಅದಕ್ಕೇ ವ್ಯಾಕರಣದವರು ಋ ಅನ್ನು ಟ, ರ, ಷ ಜೊತೆ ಮೂರ್ಧನ್ಯ ಅಂತ ಸೇರಿಸಿದ್ದು. ವೇದ ಹೇಳುವವರ ಬಾಯಲ್ಲಿ ಬಿಟ್ಟರೆ ಅದು ದಿನದ ಮಾತಿನಲ್ಲಿ ಈಗ ಉಳಿದಿಲ್ಲ. ಮನೆಯಲ್ಲಿ ಮಗುವನ್ನು ಕರೆಯಲು ಅದು ಬೇಕಾಗಿಯೂ ಇಲ್ಲ. ನ್ರು ಅನ್ನಿ, ನೆಮ್ಮದಿಯಾಗಿ ಅನ್ನಿ.

ಜನ ಎಡವುವುದು ಎಲ್ಲಿ ಅಂದರೆ, ನ ಮತ್ತು ರ ನಡುವೆ ಒಂದು ಸಣ್ಣ ಉ ತುರುಕುತ್ತಾರೆ. "ನುರುಪತುಂಗ" ಆಗುತ್ತದೆ. ಇನ್ನು ಕೆಲವರು "ನಿರುಪತುಂಗ" ಅನ್ನುತ್ತಾರೆ, ಬಹುಶಃ ನಿರುಪಮ ಅನ್ನುವ ಹೆಸರು ಕೇಳಿ ಅಭ್ಯಾಸ ಇರುವುದರಿಂದ. ಅವಸರದಲ್ಲಿ ರ ಪೂರ್ತಿ ಬಿದ್ದುಹೋದರೆ "ನಪತುಂಗ". ಇದಕ್ಕೆ ಮದ್ದು ಏನೆಂದರೆ, ನಾಲಿಗೆಯ ತುದಿ ನ ಅನ್ನಲು ಎಲ್ಲಿ ತಾಗಿರುತ್ತದೋ ಅಲ್ಲಿಂದ ನೇರವಾಗಿ ರಕ್ಕೆ ಜಾರಬೇಕು, ನಡುವೆ ಬಾಯಿ ತೆರೆಯಬಾರದು. ಬರದಿದ್ದರೆ ಮುಂದೆ ಒಂದು ಸ್ವರ ಇಟ್ಟು ಅನ್ನಿ: "ಅನ್ರುಪ, ಅನ್ರುಪ, ಅನ್ರುಪ". ಹತ್ತು ಸಲ ಆದಮೇಲೆ ಆ ಅ ತೆಗೆದುಬಿಡಿ. ನಮ್ಮ ಮಾವನವರು ಹೀಗೇ ಕಲಿತರು. ಅವರಿಗೆ ಮೇಲಿನ ಎರಡು ಹಲ್ಲು ಇಲ್ಲ, ಆದರೂ ಮೂರನೇ ದಿನಕ್ಕೆ ಸ್ಪಷ್ಟವಾಗಿ ಬಂತು.

ಉಳಿದ ಮೂರು ಅಕ್ಷರ ಕಷ್ಟ ಇಲ್ಲ. ಪ ಹ್ರಸ್ವ, "ನೃಪಾ" ಅಂತ ಎಳೆಯಬೇಡಿ. ತುಂ ಅನ್ನುವಲ್ಲಿ ಭಾರ ಬೀಳಬೇಕು, ಅದೊಂದೇ ಗುರು, ಮಿಕ್ಕ ಮೂರೂ ಲಘು. ತುಂಗಭದ್ರೆ ಅನ್ನುವಾಗ ಹೇಗೆ ಅನ್ನುತ್ತೀರೋ ಹಾಗೇ, ಸೊನ್ನೆ ಗ ಅಕ್ಷರಕ್ಕೆ ಅಂಟಿಕೊಂಡು ಮೂಗಿನಲ್ಲಿ ಹೋಗಲಿ. ಉಸಿರು ಬಿಡಬೇಕಾದರೆ ನೃಪ ಆದಮೇಲೆ ಬಿಡಿ, ನೃಪ-ತುಂಗ. ನೃ-ಪತುಂಗ ಅಂತ ಒಡೆದರೆ "ಪತಂಗ"ದ ಹಾಗೆ ಕೇಳಿಸುತ್ತದೆ. ಕೊನೆಯ ಗ ನುಂಗಬೇಡಿ. ಉತ್ತರದ ಕಡೆ "ತುಂಗ್" ಅಂತ ನಿಲ್ಲಿಸುತ್ತಾರೆ, ನಮ್ಮಲ್ಲಿ ಹೆಸರು ಸ್ವರದಲ್ಲೇ ಮುಗಿಯಬೇಕು. ಕೂಗಿ ಕರೆಯುವಾಗ ಅದೇ ಗ "ನೃಪತುಂಗಾ" ಅಂತ ದೀರ್ಘವಾಗುತ್ತದೆ, ಓಣಿಯ ತುದಿಗೆ ಚೆನ್ನಾಗಿ ಕೇಳಿಸುತ್ತದೆ.

ಬರೆಯುವಾಗ ಇನ್ನೊಂದು ಎಡವಟ್ಟು. ನೃ ಬೇರೆ, ನ್ರ ಬೇರೆ. ಮೊದಲನೆಯದು ವಟ್ರಸುಳಿ, ಎರಡನೆಯದು ರ ಒತ್ತು. ಕೃಷ್ಣನನ್ನು "ಕ್ರಷ್ಣ" ಅಂತ ಬರೆದ ಬೋರ್ಡು ನೀವೂ ನೋಡಿರುತ್ತೀರಿ, ಅದೇ ತಪ್ಪು ಇಲ್ಲೂ ಆಗುತ್ತದೆ. ಕಂಪ್ಯೂಟರಿನಲ್ಲಿ ನುಡಿ ಬಳಸುವವರು ಎನ್ ಒತ್ತಿ ಶಿಫ್ಟ್ ಹಿಡಿದು ಆರ್ ಒತ್ತಬೇಕು. ಶಿಫ್ಟ್ ಮರೆತರೆ "ನರಪತುಂಗ" ಆಗುತ್ತದೆ. ಆಮಂತ್ರಣ ಪತ್ರಿಕೆ, ಕೇಕಿನ ಮೇಲಿನ ಹೆಸರು, ಬ್ಯಾನರು, ಎಲ್ಲವನ್ನೂ ಅಚ್ಚಿಗೆ ಹೋಗುವ ಮೊದಲು ನೀವೇ ಒಂದು ಸಲ ನೋಡಿ.

ಇಂಗ್ಲಿಷ್ ಸ್ಪೆಲಿಂಗ್: ಯು ಹಾಕಬೇಕಾ, ಐ ಹಾಕಬೇಕಾ

ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಯು ಹಾಕಿ.

ಇಂಗ್ಲಿಷ್ ಇತಿಹಾಸದ ಪುಸ್ತಕಗಳಲ್ಲಿ ಎನ್-ಆರ್-ಐ ಅಂತ ಶುರುವಾಗುವ ಸ್ಪೆಲಿಂಗ್ ಜಾಸ್ತಿ ಕಾಣುತ್ತದೆ. ಸಂಸ್ಕೃತದ ಋ ಅನ್ನು ಇಂಗ್ಲಿಷ್‌ನಲ್ಲಿ ಆರ್-ಐ ಅಂತ ಬರೆಯುವ ರೂಢಿ ಇದ್ದದ್ದು ಕಾರಣ. ಕೃಷ್ಣನ ಸ್ಪೆಲಿಂಗ್‌ನಲ್ಲಿ ಐ ಕೂತಿದ್ದೂ ಹಾಗೇ. ಆದರೆ ನಮ್ಮ ಬಾಯಲ್ಲಿ ಬರುವುದು ಉ. ಅಮೃತಾ, ಕೃಪಾ, ಪೃಥ್ವಿ, ಹೃದಯ್, ಇವನ್ನೆಲ್ಲ ಕರ್ನಾಟಕದಲ್ಲಿ ಎರಡೂ ಥರ ಬರೆಯುತ್ತಾರೆ, ಒಂದೇ ಮನೆಯ ಅಕ್ಕತಂಗಿಯರಲ್ಲೇ ಒಬ್ಬಳಿಗೆ ಯು, ಒಬ್ಬಳಿಗೆ ಐ ಇರುವುದನ್ನು ನಾನು ನೋಡಿದ್ದೇನೆ. ಬೆಂಗಳೂರಿನ ರಸ್ತೆಗೆ, ವಿಶ್ವವಿದ್ಯಾಲಯಕ್ಕೆ ಇರುವುದು ಯು. ಹಾಗಾಗಿ ಎನ್-ಆರ್-ಯು-ಪಿ-ಎ-ಟಿ-ಯು-ಎನ್-ಜಿ-ಎ, ಹತ್ತು ಅಕ್ಷರ. ಐ ಹಾಕಿದರೆ ಶಾಲೆಯ ಟೀಚರ್ "ನ್ರಿಪತುಂಗ" ಅಂತ ಓದುತ್ತಾರೆ, ಮನೆಯಲ್ಲಿ ನೀವು "ನ್ರುಪತುಂಗ" ಅನ್ನುತ್ತೀರಿ, ಮಗು ಎರಡು ಹೆಸರಿನ ನಡುವೆ ಬೆಳೆಯುತ್ತದೆ. ದೆಹಲಿಯಲ್ಲೋ ಲಖನೌದಲ್ಲೋ ನೆಲೆಸಿದವರು, ಸುತ್ತಲಿನವರು ಹೇಗೂ "ನ್ರಿ" ಅನ್ನುತ್ತಾರೆ ಅನ್ನುವವರು ಐ ಹಾಕಿಕೊಳ್ಳಬಹುದು. ಆದರೆ ಒಂದನ್ನು ಆರಿಸಿ, ಎಲ್ಲ ಕಾಗದದಲ್ಲೂ ಅದನ್ನೇ ಬರೆಯಿರಿ. ನಡುವೆ ಎಚ್ ಸೇರಿಸುವುದು, ಯು ಜಾಗದಲ್ಲಿ ಎರಡು ಓ ಹಾಕುವುದು, ಸಂಖ್ಯಾಶಾಸ್ತ್ರದವರು ಹೇಳಿದರು ಅಂತ ಇನ್ನೊಂದು ಎ ಹಚ್ಚುವುದು ಬೇಡ. ಮೊದಲೇ ಅಪರೂಪದ ಹೆಸರು, ಅದಕ್ಕೆ ಅಪರೂಪದ ಸ್ಪೆಲಿಂಗ್ ಬೇರೆ ಸೇರಿದರೆ ಮಗುವಿಗೆ ಜೀವನಪೂರ್ತಿ ಸ್ಪೆಲಿಂಗ್ ಹೇಳುವುದೇ ಕೆಲಸ ಆಗುತ್ತದೆ.

ಇಡುವ ಮೊದಲು ಮಾಡಬೇಕಾದ ಪರೀಕ್ಷೆ

ಹೆರಿಗೆಗೆ ಮುಂಚೆಯೇ ಇದನ್ನು ಮಾಡಿ, ಆಮೇಲೆ ನಿದ್ದೆಗೇ ಹೊತ್ತು ಸಿಗುವುದಿಲ್ಲ.

ಮನೆಯಲ್ಲಿ ಎಲ್ಲರಿಗಿಂತ ಹಿರಿಯರನ್ನೂ ಎಲ್ಲರಿಗಿಂತ ಚಿಕ್ಕ ಮಗುವನ್ನೂ ಕೂರಿಸಿ ಹೆಸರು ಹೇಳಿಸಿ. ಚಿಕ್ಕ ಮಗು ತಪ್ಪು ಹೇಳುವುದು ಸಹಜ, ಆದರೆ ಹಿರಿಯರು ಐದಾರು ಸಲ ಆದಮೇಲೂ ಹೇಳಲಾಗದೆ ಬೇಜಾರು ಮಾಡಿಕೊಂಡರೆ ಅವರು ಆ ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟುಬಿಡುತ್ತಾರೆ. ಅಜ್ಜಿ ಕರೆಯದ ಹೆಸರು ಮನೆಯಲ್ಲಿ ನಿಲ್ಲುವುದಿಲ್ಲ. ಆಮೇಲೆ ಪರಿಚಯ ಇಲ್ಲದ ಯಾರಿಗಾದರೂ ಫೋನಿನಲ್ಲಿ ಹೆಸರು ಹೇಳಿ, ಬರೆದುಕೊಳ್ಳಲು ಹೇಳಿ. ನಾನು ಗ್ಯಾಸ್ ಬುಕ್ ಮಾಡುವಾಗ, ಹೋಟೆಲಿನಿಂದ ಪಾರ್ಸೆಲ್ ತರಿಸುವಾಗ ನೃಪತುಂಗ ಅಂತಲೇ ಹೆಸರು ಕೊಟ್ಟು ನೋಡಿದೆ. ಹತ್ತರಲ್ಲಿ ಏಳು ಸಲ ಸರಿಯಾಗಿ ಕೇಳಿಸಿಕೊಂಡರು. ಕನ್ನಡದವರಿಗೆ ಈ ಹೆಸರು ಶಾಲೆಯ ಪಾಠದಲ್ಲಿ ಬಂದಿರುತ್ತದೆ, ಅದು ದೊಡ್ಡ ಅನುಕೂಲ. ಕೇಳಿಯೇ ಇಲ್ಲದ ಹೊಸ ಹೆಸರಿಗಿಂತ ಕೇಳಿ ಮರೆತ ಹಳೆಯ ಹೆಸರು ಬೇಗ ನಾಲಿಗೆಗೆ ಬರುತ್ತದೆ.

ಮುದ್ದಿನ ಹೆಸರು ಏನಾಗುತ್ತದೆ ಅಂತಲೂ ಈಗಲೇ ಯೋಚಿಸಿ. ಉದ್ದದ ಹೆಸರನ್ನು ಜನ ಮೊಟಕು ಮಾಡಿಯೇ ಮಾಡುತ್ತಾರೆ. ನೃಪ ಆದರೆ ಚೆನ್ನ, ಅರ್ಥವೂ ಉಳಿಯುತ್ತದೆ. ತುಂಗ ಅಂತ ಕರೆದರೆ ತುಂಗಾ ನದಿ ನೆನಪಾಗಿ ಹುಡುಗಿಯ ಹೆಸರು ಅಂತ ಓಣಿಯ ಹುಡುಗರು ಕಾಡಬಹುದು. ನಾವು ಮೊದಲ ದಿನದಿಂದಲೇ ನೃಪ ಅಂತ ಕರೆದೆವು, ಬೇರೆಯವರೂ ಅದನ್ನೇ ಹಿಡಿದರು. ಮುದ್ದಿನ ಹೆಸರನ್ನು ನೀವು ಇಡದಿದ್ದರೆ ಊರವರು ಇಡುತ್ತಾರೆ.

ತೊಟ್ಟಿಲ ದಿನ

ನಮ್ಮ ಕಡೆ ತೊಟ್ಟಿಲಿಗೆ ಹಾಕುವ ದಿನ ಹೆಸರಿಡುವುದು ಕೂಸಿನ ಸೋದರತ್ತೆ. ಕಿವಿಯಲ್ಲಿ "ಕುರ್ರ್" ಅಂತ ಹೇಳಿ ಹೆಸರು ಉಸುರುತ್ತಾಳೆ, ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ದಕ್ಷಿಣದ ಕಡೆ ಹರಿವಾಣದ ಅಕ್ಕಿಯ ಮೇಲೆ ಉಂಗುರದಿಂದ ಹೆಸರು ಬರೆಯುತ್ತಾರೆ. ಯಾವ ಪದ್ಧತಿಯಾದರೂ ಸರಿ, ಕಿವಿಯಲ್ಲಿ ಹೇಳುವವರಿಗೆ ಒಂದು ವಾರ ಮೊದಲೇ ಹೆಸರು ಕಲಿಸಿ. ನನ್ನ ನಾದಿನಿ ಫೋನಿನಲ್ಲಿ ನನ್ನ ಧ್ವನಿ ರೆಕಾರ್ಡ್ ಮಾಡಿಕೊಂಡು ಬಸ್ಸಿನಲ್ಲಿ ಕೇಳುತ್ತಾ ಬಂದಳು. ಆ ದಿನ ತೊಟ್ಟಿಲ ಸುತ್ತ ಐವತ್ತು ಜನ ಇದ್ದರು, ಅವಳು ಕೂಸಿನ ಕಿವಿಯಲ್ಲಿ ಹೇಳಿದ ಮೇಲೆ ಎಲ್ಲರಿಗೂ ಕೇಳುವ ಹಾಗೆ ಜೋರಾಗಿ, ಬಿಡಿಸಿ, ಮೂರು ಸಲ ಹೇಳಿದಳು. ಅಲ್ಲಿದ್ದವರಲ್ಲಿ ಯಾರೂ ಇವತ್ತಿಗೂ ತಪ್ಪು ಹೇಳುವುದಿಲ್ಲ. ಬರಲಾಗದವರಿಗೆ ಅದೇ ಧ್ವನಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ. ಬರೀ ಅಕ್ಷರದಲ್ಲಿ ಹೆಸರು ಕಳಿಸಿದರೆ ಒಬ್ಬೊಬ್ಬರು ಒಂದೊಂದು ಥರ ಓದಿಕೊಳ್ಳುತ್ತಾರೆ, ಧ್ವನಿ ಕಳಿಸಿ.

ಜನ್ಮನಕ್ಷತ್ರದ ಅಕ್ಷರ ನೋಡುವ ಮನೆಯಾದರೆ, ಅನುರಾಧಾ ನಕ್ಷತ್ರಕ್ಕೆ ನ, ನಿ, ನು, ನೆ ಬರುತ್ತದೆ. ನಿಮ್ಮ ಮಗುವಿಗೆ ಬೇರೆ ನಕ್ಷತ್ರ ಬಂದು, ಈ ಹೆಸರೇ ಬೇಕು ಅನ್ನಿಸಿದರೆ ನಕ್ಷತ್ರದ ಹೆಸರು ಒಂದು, ಕರೆಯುವ ಹೆಸರು ಒಂದು ಇಟ್ಟುಕೊಳ್ಳುವುದು ಎಲ್ಲ ಕಡೆ ನಡೆಯುತ್ತದೆ. ನಾವೂ ಹಾಗೇ ಮಾಡಿದೆವು.

ಕಾಗದಪತ್ರ

ಇಲ್ಲೇ ನಾವು ಏಟು ತಿಂದಿದ್ದು. ಹೆರಿಗೆಯಾದ ಎರಡನೇ ದಿನ ಆಸ್ಪತ್ರೆಯಲ್ಲಿ ಹೆಸರು ಕೇಳಿದರು, ಖುಷಿಯಲ್ಲಿ ನನ್ನ ಗಂಡ ಬಾಯಲ್ಲಿ ಹೇಳಿಬಿಟ್ಟರು. ಅಲ್ಲಿ ಬರೆದುಕೊಂಡವರು ತಮಗೆ ಕೇಳಿಸಿದ ಹಾಗೆ ಬರೆದರು. ಕನ್ನಡದಲ್ಲಿ "ನೃಪತಂಗ", ಇಂಗ್ಲಿಷ್‌ನಲ್ಲಿ ಐ. ಜನನ ಪ್ರಮಾಣಪತ್ರ ಅದೇ ಥರ ಬಂತು. ತಾಯಿ ಕಾರ್ಡಿನಲ್ಲಿ ಇನ್ನೊಂದು ಥರ. ಆಧಾರ್ ಮಾಡಿಸಲು ಹೋದಾಗ ಗೊತ್ತಾಯಿತು. ತಿದ್ದುಪಡಿಗೆ ಅರ್ಜಿ, ಅಫಿಡವಿಟ್, ಓಡಾಟ, ಮತ್ತೆ ಓಡಾಟ.

ನಿಜ ಹೇಳಬೇಕೆಂದರೆ ಅಷ್ಟು ಅವಸರ ಬೇಕಾಗಿಯೇ ಇರಲಿಲ್ಲ. ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು, ಅದು ಸರಿ, ಆಸ್ಪತ್ರೆಯಲ್ಲಿ ಹುಟ್ಟಿದರೆ ಆಸ್ಪತ್ರೆಯವರೇ ಕಳಿಸುತ್ತಾರೆ. ಆದರೆ 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹೆಸರು ಇಲ್ಲದೆಯೂ ನೋಂದಣಿ ಮಾಡಬಹುದು. ಹೆಸರನ್ನು ಒಂದು ವರ್ಷದೊಳಗೆ ಶುಲ್ಕ ಇಲ್ಲದೆ ಸೇರಿಸಬಹುದು, ಅದಾದ ಮೇಲೂ ಶುಲ್ಕ ಕೊಟ್ಟು 15 ವರ್ಷದವರೆಗೆ ಸೇರಿಸಲು ಅವಕಾಶ ಇದೆ. ಹಾಗಾಗಿ ತೊಟ್ಟಿಲ ಶಾಸ್ತ್ರ ಆಗಲಿ, ಮನೆಯವರೆಲ್ಲ ಒಂದು ತಿಂಗಳು ಕರೆಯಲಿ, ಆಮೇಲೆ ಸೇರಿಸಿ. ತೀರ ತಡ ಮಾಡುವುದೂ ಬೇಡ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅಂದಿನಿಂದ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಿಸಲು, ಡ್ರೈವಿಂಗ್ ಲೈಸೆನ್ಸ್‌ಗೆ, ಮತದಾರರ ಪಟ್ಟಿಗೆ, ಇನ್ನೂ ಹಲವಕ್ಕೆ ಹುಟ್ಟಿದ ದಿನ ಮತ್ತು ಜಾಗದ ಪುರಾವೆ ಜನನ ಪ್ರಮಾಣಪತ್ರವೇ.

ಹೆಸರನ್ನು ಬಾಯಲ್ಲಿ ಹೇಳಬೇಡಿ. ಒಂದು ಚೀಟಿಯಲ್ಲಿ ಕನ್ನಡದಲ್ಲೂ ಇಂಗ್ಲಿಷ್‌ನ ದೊಡ್ಡ ಅಕ್ಷರದಲ್ಲೂ ಬಿಡಿ ಬಿಡಿಯಾಗಿ ಬರೆದು ಕೊಡಿ. ಕಂಪ್ಯೂಟರಿನಲ್ಲಿ ಹಾಕಿದ ಮೇಲೆ ಪರದೆ ತೋರಿಸಿ ಅಂತ ಕೇಳಿ, ಯಾರೂ ಬೇಡ ಅನ್ನುವುದಿಲ್ಲ. ನಮ್ಮ ರಾಜ್ಯದ ಜನನ ಪ್ರಮಾಣಪತ್ರದಲ್ಲಿ ಎರಡೂ ಭಾಷೆ ಇರುತ್ತದೆ, ಎರಡನ್ನೂ ನೋಡಿ, ಎಲ್ಲರೂ ಇಂಗ್ಲಿಷ್ ಮಾತ್ರ ನೋಡಿ ಬರುತ್ತಾರೆ.

ಹೊರದೇಶಕ್ಕೆ ಹೋಗುವ ಯೋಚನೆ ಇದ್ದರೆ ಒಂದು ಮಾತು. ಪಾಸ್‌ಪೋರ್ಟ್‌ನಲ್ಲಿ ಕೊಟ್ಟ ಹೆಸರು ಮತ್ತು ಉಪನಾಮ ಅಂತ ಎರಡು ಜಾಗ ಇರುತ್ತದೆ. ನೃಪತುಂಗ ಅನ್ನುವುದನ್ನು ಕೊಟ್ಟ ಹೆಸರಿನ ಜಾಗದಲ್ಲೇ ಹಾಕಿ, ಅಡ್ಡಹೆಸರನ್ನೋ ಅಪ್ಪನ ಹೆಸರನ್ನೋ ಉಪನಾಮಕ್ಕೆ ಹಾಕಿ. ನನ್ನ ತಮ್ಮನ ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಹೆಸರು ಉಪನಾಮದ ಜಾಗಕ್ಕೆ ಹೋಗಿ ಮೊದಲ ಜಾಗ ಖಾಲಿ ಉಳಿಯಿತು. ಅಮೆರಿಕದ ವೀಸಾದಲ್ಲಿ ಅವನ ಹೆಸರಿನ ಜಾಗದಲ್ಲಿ ಎಫ್ಎನ್‌ಯು ಅಂತ ಬಂತು, ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಅಪ್ಪ ಅಮ್ಮ ಅಷ್ಟು ಪ್ರೀತಿಯಿಂದ ಇಟ್ಟ ಹೆಸರು, ಬ್ಯಾಂಕಿನಲ್ಲಿ, ಆಫೀಸಿನಲ್ಲಿ ಎಲ್ಲ ಕಡೆ ಅವನನ್ನು ಆ ಮೂರು ಅಕ್ಷರದಿಂದ ಕರೆದರು.

ಅಲ್ಲಿ ಹೆಸರು ಹೇಳುವ ಕಷ್ಟವೇ ಬೇರೆ. ಇಂಗ್ಲಿಷ್‌ನಲ್ಲಿ ಎನ್ ಮತ್ತು ಆರ್ ಒಟ್ಟಿಗೆ ಸೇರಿ ಶುರುವಾಗುವ ಪದ ಇಲ್ಲ, ಅದಕ್ಕೇ ಅವರ ನಾಲಿಗೆ ನಡುವೆ ಒಂದು ಸ್ವರ ಹಾಕಿಕೊಳ್ಳುತ್ತದೆ. ತುಂಗ ಅನ್ನುವುದನ್ನು ನಾಲಿಗೆಯ ಇಂಗ್ಲಿಷ್ ಪದದ ಹಾಗೆ "ಟಂಗ" ಅಂತ ಓದುತ್ತಾರೆ. ಎರಡನೆಯದನ್ನು ತಿದ್ದಿ, ಅದು ಸುಲಭವಾಗಿ ಸರಿಹೋಗುತ್ತದೆ. ಮೊದಲನೆಯದಕ್ಕೆ ಹಟ ಹಿಡಿಯಬೇಡಿ. "ನುರುಪತುಂಗ" ಅಂದರೂ ಹುಡುಗ ತಿರುಗಿ ನೋಡಿದರೆ ಸಾಕು. ಆದರೆ ಮಗನೇ ತನ್ನ ಹೆಸರನ್ನು ಅವರ ಹಾಗೆ ಹೇಳಿಕೊಳ್ಳಲು ಬಿಡಬೇಡಿ, ಅವನು ಸರಿಯಾಗಿಯೇ ಹೇಳಲಿ.

ಮಗು ತನ್ನ ಹೆಸರು ಹೇಳುವಾಗ

ಇದರ ಬಗ್ಗೆ ತಾಯಂದಿರು ತುಂಬಾ ಚಿಂತೆ ಮಾಡುತ್ತಾರೆ. ಮಕ್ಕಳಿಗೆ ರ ಶಬ್ದ ತಡವಾಗಿ ಬರುತ್ತದೆ, ಎರಡು ವ್ಯಂಜನ ಸೇರಿದ ಶಬ್ದ ಇನ್ನೂ ತಡ. ನಮ್ಮ ಹುಡುಗ ಎರಡು ವರ್ಷಕ್ಕೆ "ಪುಂಗ" ಅನ್ನುತ್ತಿದ್ದ. ಎರಡೂವರೆಗೆ "ನುಪ್ಪತುಂಗ". ನಾವು ಒಂದು ಸಲವೂ ಹಾಗಲ್ಲ, ಹೀಗೆ ಅಂತ ನಿಲ್ಲಿಸಲಿಲ್ಲ. ಅವನು ಹೇಗೆ ಹೇಳಿದರೂ ನಾವು ಪೂರ್ತಿ ಹೆಸರು ಸ್ಪಷ್ಟವಾಗಿ ಹೇಳಿ ಮಾತು ಮುಂದುವರಿಸುತ್ತಿದ್ದೆವು. "ನುಪ್ಪತುಂಗಂಗೆ ಹಾಲು" ಅಂದರೆ, "ನೃಪತುಂಗನಿಗೆ ಹಾಲು ಬೇಕಾ? ತಗೋ" ಅಷ್ಟೇ. ದೊಡ್ಡವರು ಮಾತ್ರ ಮಗುವಿನ ತೊದಲನ್ನು ತಾವೂ ಹೇಳಬಾರದು. ಚಿಕ್ಕಪ್ಪ ಒಬ್ಬರು ಮುದ್ದಿಗೆ ನುಪ್ಪತುಂಗ ಅಂತಲೇ ಕರೆಯಲು ಶುರು ಮಾಡಿದ್ದರು, ಕೈ ಮುಗಿದು ಬಿಡಿಸಿದೆ. ಮೂರೂಮುಕ್ಕಾಲು ವರ್ಷಕ್ಕೆ, ಒಂದು ಭಾನುವಾರ, ಬೆಟ್ಟದ ಮೇಲೆ ಬಲೂನ್ ಮಾರುವವರು ಹೆಸರು ಕೇಳಿದಾಗ ಪೂರ್ತಿ ಹೇಳಿದ. ರ ಇತ್ತು.

ಶಾಲೆಗೆ ಸೇರಿಸುವ ದಿನ ಟೀಚರ್ ಕೈಗೆ ಒಂದು ಚೀಟಿ ಕೊಡಿ. ನಾನು ಕೊಟ್ಟಿದ್ದು ಹೀಗಿತ್ತು: "ನನ್ನ ಹೆಸರು ನೃಪತುಂಗ. ನೃತ್ಯದ ನೃ, ತುಂಗಭದ್ರೆಯ ತುಂಗ. ಉದ್ದ ಅನ್ನಿಸಿದರೆ ನೃಪ ಅಂತ ಕರೆಯಿರಿ." ಅವನ ಕ್ಲಾಸಿನಲ್ಲಿ 34 ಮಕ್ಕಳಿದ್ದಾರೆ. ಹಾಜರಿ ಕರೆಯುವಾಗ ಟೀಚರ್ ಪೂರ್ತಿ ಹೆಸರೇ ಕರೆಯುತ್ತಾರಂತೆ.